ಎರಡು ದಿನ ಕಮ್ಮಿ ಹತ್ತು ವರ್ಷ

2022ರ ಜೂನ್ 18, ಶನಿವಾರ. ನರಸೀಪುರದ ಮನೆಯಲ್ಲಿ ಊಟಕ್ಕೆ ಕೂತಿದ್ದೆ. ನಂಜನಗೂಡಿನ ನಮ್ಮ ಕಾರ್ಖಾನೆಯ ಗೇಟಿನಿಂದ ಫೋನು ಬಂತು. "ಸಾ, ಎರಡನೇ ಪಾಳಿಯೋರ್ಗೆ ವೈಫೈ ಹಿಡೀತಿಲ್ಲ. ಹಾಜರಿ ಹಾಕಕ್ಕಾಯ್ತಿಲ್ಲ ಅಂತ ಜನ ಗೇಟಲ್ಲೇ ನಿಂತವ್ರೆ." ಆಮೇಲೆ ಅವನೇ ಸೇರಿಸಿದ: "ಹಳೇ ಫೋನ್ ಮಡಿಕ್ಕಂಡೋರ್ಗೆ ಮಾತ್ರ ಬತ್ತಾದೆ ಸಾ."

ಆ ಕೊನೆಯ ಮಾತು ಕಿವಿಗೆ ಬಿದ್ದದ್ದೇ ತಡ, ಕೈ ತೊಳೆದುಕೊಂಡು ಬೈಕು ತೆಗೆದೆ. ತಪ್ಪು ನನ್ನದೇ, ಅದೂ ಹತ್ತು ವರ್ಷ ಹಳೆಯದು.

ನಾನು ಆ ಕಾರ್ಖಾನೆಯ ಕಂಪ್ಯೂಟರ್ ವಿಭಾಗಕ್ಕೆ ಸೇರಿದ್ದು 2008ರಲ್ಲಿ. ಆಗ ಇಡೀ ಆವರಣಕ್ಕೆ ಒಂದೇ ವೈಫೈ, ಒಂದೇ ಪಾಸ್‌ವರ್ಡ್. ಅದೂ ಶ್ರೀಕಂಠೇಶ್ವರನ ಹೆಸರೇ. ನಂಜನಗೂಡಿನಲ್ಲಿ ಇನ್ನೇನು ಇಟ್ಟಾರು? ಗೇಟಿನ ರಿಜಿಸ್ಟರ್ ಪುಸ್ತಕದ ಹಿಂದಿನ ರಟ್ಟಿನ ಮೇಲೆ ಅದನ್ನು ಬರೆದಿತ್ತು. ಟೀ ತರುವ ಹುಡುಗನಿಗೂ ಬಾಯಿಪಾಠ. ಕೆಲಸ ಬಿಟ್ಟು ಹೋದವರ ಫೋನೂ ರಸ್ತೆಯಲ್ಲಿ ಹಾದುಹೋಗುವಾಗ ತಾನಾಗಿ ನಮ್ಮ ವೈಫೈಗೆ ಸೇರಿಕೊಳ್ಳುತ್ತಿತ್ತು.

2012ರಲ್ಲಿ ಅದನ್ನು ಕಿತ್ತುಹಾಕಿ ಒಬ್ಬೊಬ್ಬರಿಗೂ ಬೇರೆ ಬೇರೆ ಹೆಸರು, ಬೇರೆ ಪಾಸ್‌ವರ್ಡ್ ಕೊಡುವ ಏರ್ಪಾಡು ಮಾಡಿದೆವು. ಹಿಂದಿನ ಕೋಣೆಯಲ್ಲಿ ಒಂದು ರೇಡಿಯಸ್ ಸರ್ವರ್ ಕೂತು ಎಲ್ಲರ ಲೆಕ್ಕ ನೋಡುತ್ತಿತ್ತು. ಅಲ್ಲಿಗೆ ಮುಗಿಯಿತು ಎಂದು ಎಲ್ಲರೂ ಅಂದುಕೊಂಡರು. ಆದರೆ ಫೋನು ತನ್ನ ಗುಟ್ಟನ್ನು ಹೇಳುವುದು ಯಾರಿಗೆ? ಎದುರಿನ ಟೀ ಅಂಗಡಿಯಲ್ಲಿ ಯಾರೋ ಒಬ್ಬ ಲ್ಯಾಪ್‌ಟಾಪ್ ತೆರೆದು, ನಮ್ಮ ಕಾರ್ಖಾನೆಯ ಹೆಸರಿನದೇ ವೈಫೈ ಹಚ್ಚಿದರೆ ಫೋನಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಅದನ್ನು ಗೊತ್ತುಮಾಡಿಸಲಿಕ್ಕೇ ಫೋನಿಗೆ ಸರ್ಟಿಫಿಕೇಟು ಎಂಬ ಕಡತ ಹಾಕುವುದು. ಆಫೀಸು ನಮ್ಮನ್ನು ಪರೀಕ್ಷೆ ಮಾಡಲು ಇದನ್ನು ಹಾಕುತ್ತಿದೆ ಎಂದೇ ಇವತ್ತಿಗೂ ಜನ ತಿಳಿದಿದ್ದಾರೆ. ಇರುವುದು ಉಲ್ಟಾ: ಆಫೀಸು ನಿಜವಾದ ಆಫೀಸೇ ಎಂದು ನಮ್ಮ ಫೋನು ನೋಡಿಕೊಳ್ಳುವುದಕ್ಕೆ.

ಈ ಉಲ್ಟಾ ಲೆಕ್ಕ ನನಗೆ ಸರಿಯಾಗಿ ತಲೆಗೆ ಹೋದದ್ದು ಬಸ್ಸಿನಲ್ಲಿ. ದಿನವೂ ಜೊತೆಗೆ ಬರುತ್ತಿದ್ದ ಕನ್ನಡ ಮೇಷ್ಟ್ರೊಬ್ಬರು ತಾಮ್ರಪಟಗಳ ಹುಚ್ಚಿನವರು. ತಲಕಾಡು ನಮ್ಮ ನರಸೀಪುರ ತಾಲ್ಲೂಕೇ, ಗಂಗರ ರಾಜಧಾನಿ. ಗಂಗರ ತಾಮ್ರದ ಹಲಗೆಗಳನ್ನು ಒಂದು ಬಳೆಯಲ್ಲಿ ಪೋಣಿಸಿ, ಬಳೆಯ ಎರಡು ತುದಿ ಕೂಡುವಲ್ಲಿ ಆನೆಯ ಮುದ್ರೆ ಒತ್ತುತ್ತಿದ್ದರು. "ನೋಡಪ್ಪ, ದಾನ ಕೊಟ್ಟವನು ರಾಜ. ಆದರೆ ಪಟ ಇರೋದು ದಾನ ತಗೊಂಡವನ ಮನೇಲಿ. ರಾಜನ ಗುರುತು ಪ್ರಜೆಯ ಕೈಯಲ್ಲಿ," ಎಂದರು ಮೇಷ್ಟ್ರು. ಸರ್ಟಿಫಿಕೇಟಿನ ಒಳಗೂ ಅದೇ ಇದೆಯಲ್ಲ: ಕೊಟ್ಟವರು ಯಾರು, ಯಾರಿಗೆ, ಯಾವ ದಿನದಿಂದ, ಕೊನೆಗೊಂದು ಸಹಿ. ತಾಮ್ರಪಟದ ಶಾಪ ಮಾತ್ರ ಇಲ್ಲ. ದಾನಕ್ಕೆ ತಪ್ಪಿದವನು ಅರವತ್ತು ಸಾವಿರ ವರ್ಷ ಹೇಲಿನ ಹುಳುವಾಗಿ ಹುಟ್ಟುತ್ತಾನೆ ಎಂದು ಬರೆಯುವ ಅವಕಾಶ ಎಕ್ಸ್.509 ಎಂಬ ಸರ್ಟಿಫಿಕೇಟಿನ ಅಚ್ಚಿನಲ್ಲಿ ಇಲ್ಲದಿರುವುದು ಒಂದು ಕೊರತೆಯೇ. ಈ ಅರ್ಥದ ಸರ್ಟಿಫಿಕೇಟನ್ನು 1978ರಲ್ಲಿ ಅಮೆರಿಕದ ಎಂಐಟಿಯಲ್ಲಿ ಲೋರೆನ್ ಕೋನ್‌ಫೆಲ್ಡರ್ ಎಂಬ ವಿದ್ಯಾರ್ಥಿ ತನ್ನ ಪದವಿ ಪ್ರಬಂಧದಲ್ಲಿ ಸೂಚಿಸಿದ, ಎಕ್ಸ್.509 ಅಚ್ಚು ಬಂದದ್ದು 1988ರಲ್ಲಿ.

ಮೇಷ್ಟ್ರು ಇನ್ನೊಂದು ಕಥೆ ಹೇಳಿದ್ದರು. ನಂಜನಗೂಡು ತಾಲ್ಲೂಕಿನ ತಗಡೂರಿನ ತಾಮ್ರಪಟ ಶಕ 188ರದು, ಅಂದರೆ ಕ್ರಿ.ಶ. 266, ಗಂಗರ ಹರಿವರ್ಮನದು ಎಂದು ತಾನೇ ಹೇಳಿಕೊಳ್ಳುತ್ತದೆ. ಶಾಸನ ಸಂಶೋಧಕ ಬಿ.ಎಲ್. ರೈಸ್ 1894ರ ಎಪಿಗ್ರಾಫಿಯಾ ಕರ್ನಾಟಿಕಾ ಮೂರನೆಯ ಸಂಪುಟದಲ್ಲಿ ನಮ್ಮ ಎರಡೂ ತಾಲ್ಲೂಕುಗಳ ಶಾಸನಗಳನ್ನು ಅಚ್ಚು ಹಾಕಿಸಿದರು. ಇನ್ನೊಬ್ಬ ಸಂಶೋಧಕ ಜೆ.ಎಫ್. ಫ್ಲೀಟ್ ಇಂಥ ಗಂಗ ಪಟಗಳನ್ನು ಸಾಲಾಗಿ ಕೂಟಶಾಸನಗಳ, ಅಂದರೆ ನಕಲಿ ಶಾಸನಗಳ, ಪಟ್ಟಿಗೆ ತಳ್ಳಿದರು. ಅಕ್ಷರದ ರೂಪ ಹೇಳಿದ ಕಾಲದ್ದಲ್ಲ, ತಿಥಿಗೂ ವಾರಕ್ಕೂ ತಾಳೆಯಾಗದು, ವಂಶಾವಳಿ ಕೂಡುವುದಿಲ್ಲ ಎಂಬಂಥ ಪರೀಕ್ಷೆಗಳು ಅವರವು. ರೈಸ್ ಸುಲಭಕ್ಕೆ ಒಪ್ಪಲಿಲ್ಲ. ಮುದ್ರೆ ಇದ್ದ ಮಾತ್ರಕ್ಕೆ ನಂಬಬಾರದು, ತಾರೀಕು ನೋಡಬೇಕು ಎನ್ನುವುದೇ ಫ್ಲೀಟರ ವಾದವಾದರೆ, ಫೋನು ಮಾಡುವುದೂ ಅದನ್ನೇ. ಬ್ಯಾಟರಿ ಪೂರ್ತಿ ಸತ್ತು ಗಡಿಯಾರ ಹಿಂದಿನ ಯಾವುದೋ ವರ್ಷಕ್ಕೆ ಓಡಿದ ಫೋನುಗಳನ್ನು ಎಷ್ಟು ತಂದುಕೊಟ್ಟಿಲ್ಲ ನನಗೆ! ಸರ್ಟಿಫಿಕೇಟು ಇನ್ನೂ ಹುಟ್ಟೇ ಇಲ್ಲ ಎಂದು ಹಟ ಹಿಡಿಯುತ್ತಿದ್ದವು. ತಾರೀಕು ಸರಿ ಮಾಡಿದರೆ ಗಪ್‌ಚುಪ್.

ಫೋನಿಗೆ ಸರ್ಟಿಫಿಕೇಟು ಹಾಕುವುದು ಆಗ ಒಂದು ವ್ರತ. ಕಡತವನ್ನು ಮೆಮೊರಿ ಕಾರ್ಡಿಗೆ ತುಂಬಿಕೊಂಡು ಪಾಳಿ ಬದಲಾಗುವ ಹೊತ್ತಿಗೆ ಗೇಟಿನ ಬಳಿ ಕುರ್ಚಿ ಹಾಕಿ ಕೂರುತ್ತಿದ್ದೆ. ಸೆಟ್ಟಿಂಗ್ಸ್, ಸೆಕ್ಯುರಿಟಿ, ಎಸ್‌ಡಿ ಕಾರ್ಡಿನಿಂದ ಇನ್‌ಸ್ಟಾಲ್. ಅಷ್ಟರಲ್ಲಿ ಆಂಡ್ರಾಯ್ಡ್ ಕೇಳುತ್ತಿತ್ತು: ಮೊದಲು ಫೋನಿಗೆ ಪಿನ್ ಅಥವಾ ಪ್ಯಾಟರ್ನ್ ಬೀಗ ಹಾಕು. ಇದು ದೊಡ್ಡ ರಗಳೆ. ಪ್ಯಾಕಿಂಗ್ ವಿಭಾಗದ ಒಬ್ಬರು ಎರಡನೇ ದಿನವೇ ವಾಪಸ್ ಬಂದರು. "ಬೀಗ ಯಾಕ್ ಹಾಕ್ದೆ, ಏನ್ ಬಚ್ಚಿಟ್ಟಿದ್ದೀಯ ಅಂತವ್ಳೆ ನಮ್ಮನೆಯೋಳು. ತಗ್ದ್‌ಬುಡಿ ಸಾ." ಬೀಗ ತೆಗೆಯಬೇಕೆಂದರೆ ಸರ್ಟಿಫಿಕೇಟನ್ನೂ ಅಳಿಸಬೇಕಿತ್ತು. ಅಳಿಸಿದೆ. ಸಂಸಾರ ಮುಖ್ಯ.

ಮುಂದೆ ಆಂಡ್ರಾಯ್ಡ್ 4.4 ಬಂತು. ಇನ್‌ಸ್ಟಾಲ್ ಮಾಡುವಾಗ ಇದು ವೈಫೈಗೋ, ಇಲ್ಲ ವಿಪಿಎನ್ ಮತ್ತು ಆ್ಯಪ್‌ಗಳಿಗೋ ಎಂದು ಕೇಳುತ್ತಿತ್ತು. ನಾನು ಸಾಲು ಬೇಗ ಕರಗಲೆಂದು ಮೊದಲು ಕಂಡದ್ದನ್ನೇ ಒತ್ತುತ್ತಾ ಹೋದೆ. ಸಂಜೆಯೊಳಗೆ ಫೋನುಗಳ ತಲೆಯ ಮೇಲೊಂದು ಎಚ್ಚರಿಕೆ: ಅಪರಿಚಿತರು ನಿಮ್ಮ ನೆಟ್‌ವರ್ಕನ್ನು ಗಮನಿಸುತ್ತಿರಬಹುದು. ಕಂಪನಿಯವರು ನಮ್ಮ ವಾಟ್ಸಾಪ್ ಓದುತ್ತಿದ್ದಾರೆ ಎಂದು ಕ್ಯಾಂಟೀನಿನಲ್ಲಿ ಗುಲ್ಲೆದ್ದಿತು. ಓದುತ್ತಿರಲಿಲ್ಲ. ಆದರೆ ನಾನು ಒತ್ತಿದ ಆಯ್ಕೆಯಿಂದ ನನ್ನ ಸರ್ಟಿಫಿಕೇಟಿಗೆ ಬರೀ ವೈಫೈಗಲ್ಲ, ಜಗತ್ತಿನ ಯಾವ ವೆಬ್‌ಸೈಟಿಗೂ ಜಾಮೀನು ನಿಲ್ಲುವ ಅಧಿಕಾರ ಸಿಕ್ಕಿದ್ದು ನಿಜ. ಫೋನು ಹೆದರಿಸಿದ್ದರಲ್ಲಿ ನ್ಯಾಯವಿತ್ತು. ಒಂದೊಂದೇ ಫೋನು ಹಿಡಿದು ತೆಗೆದು, ವೈಫೈ ಎಂದು ಆರಿಸಿ ಮತ್ತೆ ಹಾಕಿದೆ.

ಜಾಮೀನು ನಿಂತವರೇ ಎಡವಿದ್ದೂ ಉಂಟು. 2014ರ ಜುಲೈನಲ್ಲಿ ದೆಹಲಿಯ ನ್ಯಾಷನಲ್ ಇನ್ಫರ್ಮ್ಯಾಟಿಕ್ಸ್ ಸೆಂಟರಿನ ಅಧಿಕಾರದಿಂದ ಗೂಗಲ್‌ನ ಹೆಸರುಗಳಿಗೇ ನಕಲಿ ಸರ್ಟಿಫಿಕೇಟು ಹೊರಬಿದ್ದಿರುವುದನ್ನು ಗೂಗಲ್ ಪತ್ತೆ ಹಚ್ಚಿತು. ಸರ್ಟಿಫಿಕೇಟು ಕೊಡುವವರ ಮೇಲೆ ಕಣ್ಣಿಡುವ ನಮ್ಮ ಸರ್ಕಾರದ ಸಿಸಿಎ ಸೆಂಟರಿನ ಆ ಅಧಿಕಾರವನ್ನು ರದ್ದು ಮಾಡಿತು. ಗೂಗಲ್ ಮುಂದೆ ಸಿಸಿಎಯ ಬೇರು (ರೂಟ್) ಸರ್ಟಿಫಿಕೇಟನ್ನೇ gov.in, nic.in ಮುಂತಾದ ಏಳೇ ಡೊಮೈನುಗಳಿಗೆ ಕಟ್ಟಿಹಾಕಿತು. ಮೇಷ್ಟ್ರಿಗೆ ಹೇಳಿದಾಗ ಅವರಿಗೆ ಬಲು ಖುಷಿ: "ಕೂಟಶಾಸನ ಅನ್ನು ಮತ್ತೆ!"

ಈಗ ನನ್ನ ತಪ್ಪಿಗೆ ಬರುತ್ತೇನೆ. ಸಾಲು ಉದ್ದವಾದಾಗ ನನಗೊಂದು ಅಡ್ಡದಾರಿ ಗೊತ್ತಿತ್ತು. ಸಿಎ ಸರ್ಟಿಫಿಕೇಟ್ ಎಂಬ ಖಾನೆಯನ್ನು ಖಾಲಿ ಬಿಟ್ಟರೂ ವೈಫೈ ಹಿಡಿಯುತ್ತಿತ್ತು. ಆಮೇಲಿನ ಫೋನುಗಳಲ್ಲಂತೂ 'ಡು ನಾಟ್ ವ್ಯಾಲಿಡೇಟ್' ಎಂದೇ ಆಯ್ಕೆ ಬಂತು. ಪರೀಕ್ಷಿಸಬೇಡ! ಸಾಲಿನ ಕೊನೆಯಲ್ಲಿ ನಿಂತವರಿಗೆಲ್ಲ ಅದನ್ನೇ ಒತ್ತಿಕೊಟ್ಟೆ. ಹೀಗೆ ಬಿಟ್ಟ ಫೋನಿನಿಂದ ಪಾಸ್‌ವರ್ಡಿನ ಗುರುತು ಕದಿಯಬಹುದೆಂದು ಭದ್ರತಾ ಸಂಶೋಧಕರಾದ ಜೋಶುವಾ ರೈಟ್ ಮತ್ತು ಬ್ರಾಡ್ ಆಂಟೊನಿವಿಚ್ 2008ರಲ್ಲೇ ತೋರಿಸಿದ್ದರು. ಗುರುತು ತಾಳೆ ನೋಡಲು ನಾವು ಬಳಸುತ್ತಿದ್ದ ಎಂಎಸ್-ಚಾಪ್ ಎಂಬ ವಿಧಾನದ ಎರಡನೆಯ ಆವೃತ್ತಿಯನ್ನು ಮಾಕ್ಸಿ ಮಾರ್ಲಿನ್‌ಸ್ಪೈಕ್ ಮತ್ತು ಜೊತೆಗಾರ ಮುರಿದುಹಾಕಿದ್ದು 2012ರ ಜುಲೈನಲ್ಲಿ, ನಾನು ಸರ್ವರ್ ಕೂರಿಸಿದ ಮರುತಿಂಗಳು. ನಾನು ಓದಿದ್ದೆ. ಓದಿಯೂ ಒತ್ತಿಕೊಟ್ಟೆ. 2020ರ ಡಿಸೆಂಬರ್‌ನ ಅಪ್‌ಡೇಟಿನಲ್ಲಿ ಗೂಗಲ್ ಆಂಡ್ರಾಯ್ಡ್ 11ರಿಂದ ಆ ಆಯ್ಕೆಯನ್ನೇ ಕಿತ್ತುಹಾಕಿದ ಮೇಲೆ, ಹೊಸ ಫೋನು ಕೊಂಡವರೆಲ್ಲ ನನ್ನ ಬಳಿ ಬಂದು ಸರ್ಟಿಫಿಕೇಟು ಹಾಕಿಸಿಕೊಳ್ಳಲೇಬೇಕಾಯಿತು.

ಆ ಶನಿವಾರ ಗೇಟಿನಲ್ಲಿ ನಡೆದದ್ದು ಹೀಗೆ. 2012ರ ಜೂನ್ 20ರ ಬೆಳಿಗ್ಗೆ ಹನ್ನೊಂದಕ್ಕೆ ನಮ್ಮ ಬೇರು ಸರ್ಟಿಫಿಕೇಟು ತಯಾರು ಮಾಡುವಾಗ ಆಯಸ್ಸು ಎಷ್ಟು ದಿನ ಎಂದು ಕಂಪ್ಯೂಟರ್ ಕೇಳಿತ್ತು. ತಾಮ್ರಪಟದಂತೆ ಆಚಂದ್ರಾರ್ಕ ಎಂದು ಬರೆಯುವಂತಿಲ್ಲವಲ್ಲ, 3650 ಎಂದು ಒತ್ತಿದ್ದೆ. ಡೈರಿಯಲ್ಲಿ 2022ರ ಜೂನ್ 20, ಸೋಮವಾರ, ಹೊಸದು ಹಾಕಬೇಕು ಎಂದು ಗುರುತೂ ಹಾಕಿಕೊಂಡಿದ್ದೆ. 2016, 2020 ಎರಡೂ ಲೀಪ್ ವರ್ಷ. ಅಧಿಕಮಾಸ ಮರೆತ ಪಂಚಾಂಗದವನ ಹಾಗೆ ಎರಡು ದಿನ ತಪ್ಪಿತು. 18ರ ಹನ್ನೊಂದಕ್ಕೇ ಅದರ ಕಥೆ ಮುಗಿದಿತ್ತು. ಬೆಳಗಿನ ಪಾಳಿಯವರು ಮೊದಲೇ ಒಳಗೆ ಸೇರಿಕೊಂಡಿದ್ದರಿಂದ ಯಾರಿಗೂ ತಿಳಿಯಲಿಲ್ಲ. ಕ್ರಮವಾಗಿ ಸರ್ಟಿಫಿಕೇಟು ಹಾಕಿಸಿಕೊಂಡವರೆಲ್ಲ ಬಿಸಿಲಲ್ಲಿ ನಿಂತಿದ್ದರು. ನಾನು 'ಪರೀಕ್ಷಿಸಬೇಡ' ಒತ್ತಿಕೊಟ್ಟಿದ್ದ ಹಳೇ ಫೋನಿನವರು ಹಾಜರಿ ಹಾಕಿ ಒಳಗೆ ನಡೆದಿದ್ದರು.

ರಿಜಿಸ್ಟರ್ ಪುಸ್ತಕ ತೆಗೆಸಿ ಅವತ್ತಿನ ಹಾಜರಿಯನ್ನು ಪೆನ್ನಿನಲ್ಲಿ ಬರೆಸಿದೆ. ಹಿಂದಿನ ಕೋಣೆಗೆ ಹೋಗಿ ಕೂತೆ. ಕಂಪ್ಯೂಟರ್ ಮತ್ತೆ ಅದೇ ಪ್ರಶ್ನೆ ಕೇಳಿತು. 2024, 2028, 2032 ಎಂದು ಬೆರಳು ಮಡಿಸಿ ಎಣಿಸಿ, 3653 ಎಂದು ಒತ್ತಿದೆ.