ನೀರೊಳಗಣ ಕೀರ್ತಿಪುರ

ಸುತ್ತೂರಿನ ಮಗ್ಗುಲಲ್ಲಿ ಹರಿದು ತಿರುಮಕೂಡಲಿನಲ್ಲಿ ಕಾವೇರಿಯನ್ನು ಸೇರುವ ಕಪಿಲೆಯು ತನ್ನ ಮೇಲಣ ಪಾತ್ರದಲ್ಲಿ ಒಂದು ಪ್ರಾಚೀನ ರಾಜಧಾನಿಯನ್ನೇ ಒಡಲೊಳಗೆ ಇರಿಸಿಕೊಂಡಿದ್ದಾಳೆ. ಸ್ಥಾವರವು ಅಳಿಯುವಂಥದ್ದು ಎಂಬ ಶರಣರ ಅರಿವಿಗೆ ಇದಕ್ಕಿಂತ ಹತ್ತಿರದ ನಿದರ್ಶನ ಈ ಸೀಮೆಯವರಿಗೆ ಬೇರೊಂದು ಬೇಕಿಲ್ಲ.

ಹೆಗ್ಗಡದೇವನಕೋಟೆ ತಾಲ್ಲೂಕಿನ ಕಿತ್ತೂರನ್ನು ಇತಿಹಾಸಜ್ಞರು ಪುನ್ನಾಡಿನ ರಾಜಧಾನಿ ಕೀರ್ತಿಪುರವೆಂದು ಗುರುತಿಸಿದ್ದಾರೆ. ಕ್ರಿ.ಶ. 2ನೆಯ ಶತಮಾನದ ಭೂಗೋಳಜ್ಞ ಟಾಲೆಮಿಯು ಬೆರಿಲ್ ಎಂಬ ಹಸುರು ಮಣಿ ದೊರೆಯುವ ಸ್ಥಳವೆಂದು ಪುನ್ನಾಡನ್ನು ಹೆಸರಿಸಿದ್ದಾನೆ. ಗಂಗದೊರೆ ದುರ್ವಿನೀತನ ತಾಯಿ ಪುನ್ನಾಡಿನ ಅರಸು ಸ್ಕಂದವರ್ಮನ ಮಗಳು. ಮುಂದೆ ಆ ನಾಡು ಗಂಗರಾಜ್ಯದಲ್ಲಿ ಲೀನವಾಯಿತು; ರಾಜಧಾನಿಯು ಕಾಲಾಂತರದಲ್ಲಿ ಹಳ್ಳಿಯಾಗಿ ಉಳಿಯಿತು. 1974ರಲ್ಲಿ ಬೀಚನಹಳ್ಳಿಯ ಬಳಿ ಕಬಿನಿ ಅಣೆಕಟ್ಟು ಪೂರ್ಣಗೊಂಡಾಗ ಆ ಹಳ್ಳಿಯೂ ಹಿನ್ನೀರಿನ ಪಾಲಾಯಿತು.

ಅದರೊಡನೆ ಕಾಕನಕೋಟೆಯ ಕಾಡಿನ ಒಂದು ಭಾಗವೂ ಮುಳುಗಿತು. ಮೈಸೂರು ಅರಸರ ಕಾಲದಲ್ಲಿ ಖೆಡ್ಡಾ ನಡೆಯುತ್ತಿದ್ದುದು ಅಲ್ಲಿಯೇ. ಕಾಡಾನೆಗಳ ಹಿಂಡನ್ನು ತಮಟೆ, ಕೂಗುಗಳಿಂದ ಬೆದರಿಸಿ, ಹೊಳೆಗಿಳಿಸಿ, ಮರದ ದಿಮ್ಮಿಗಳ ಬೇಲಿಯೊಳಗೆ ಕೂಡುತ್ತಿದ್ದರು. 1971ರಲ್ಲಿ ಕೊನೆಯ ಖೆಡ್ಡಾ ನಡೆಯಿತು. ಮರುವರ್ಷವೇ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದಿತು.

ಇಂದು ಅದೇ ತಾಣದ ದೃಶ್ಯವೇ ಬೇರೆ. ಬೇಸಗೆಯಲ್ಲಿ ಕಾಡು ಒಣಗಿ, ಜಲಾಶಯದ ನೀರು ಇಳಿಯುತ್ತಲೇ ತೇವದ ನೆಲದಲ್ಲಿ ಎಳೆಹುಲ್ಲು ಚಿಗುರುತ್ತದೆ. ನಾಗರಹೊಳೆ, ಬಂಡೀಪುರ, ವಯನಾಡುಗಳ ಕಾಡಿನಿಂದ ಆನೆಗಳು ನೂರಾರು ಸಂಖ್ಯೆಯಲ್ಲಿ ಅಲ್ಲಿಗೆ ಬಂದು ಸೇರುತ್ತವೆ. ಮುಂಗಾರು ಸುರಿದು ನೀರೇರಿದಾಗ ಮರಳಿ ಕಾಡು ಹೊಗುತ್ತವೆ. ಮನುಷ್ಯನು ಆನೆಯನ್ನು ಸೆರೆಹಿಡಿದ ನೆಲವೇ ಆನೆಗೆ ಆಸರೆಯಾಗಿದೆ.

ಆದರೆ ಈ ಚಂದವನ್ನಷ್ಟೇ ಕಂಡು ಧನ್ಯರಾದರೆ ಸಾಲದು. ಅಲ್ಲಿ ಉತ್ತು ಬಿತ್ತಿದ ರೈತರು ಮನೆಮಠಗಳನ್ನು ತೊರೆದು ಎದ್ದರು. ಜೇನುಕುರುಬರು, ಕಾಡುಕುರುಬರು ತಲೆಮಾರುಗಳಿಂದ ಬಾಳಿದ ಹಾಡಿಗಳಿಂದ ದೂರವಾದರು. ಆನೆಗೆ ಋತುವಿಗೊಮ್ಮೆ ಮರಳುವ ದಾರಿಯುಂಟು, ಅವರಿಗೆ ಅದಿಲ್ಲ.

ಕಟ್ಟಿದ್ದು ಕೆಡುತ್ತದೆ ಎಂಬುದು ದಿಟ. ಹಾಗೆಂದು, ಕೆಡಿಸಿದ್ದಕ್ಕೆ ಆ ಮಾತನ್ನೇ ಸಮಾಧಾನವಾಗಿ ಹೇಳಿಕೊಳ್ಳುವುದು ಶರಣಧರ್ಮವಲ್ಲ. ಜಂಗಮವೆಂದರೆ ಚಲಿಸುವ ಜೀವ. ನೆಲೆ ತಪ್ಪಿ ನಡೆದವರೂ ಆ ಜಂಗಮವೇ. ನಂಜನಗೂಡಿನ ಸೀಮೆಯ ಗದ್ದೆಗೆ ಕಬಿನಿಯ ನೀರು ಹಾಯಿಸುವ ಪ್ರತಿಯೊಂದು ಕೈಯೂ ಅವರ ಋಣದಲ್ಲಿದೆ. ಆ ಋಣವನ್ನು ನೆನೆದು ಬಾಳುವುದೇ ದಾಸೋಹದ ಮೊದಲ ಮೆಟ್ಟಿಲು.