ಬ್ಯಾಲೆ ನೃತ್ಯದ ಬಾಲಪಾಠ

ಯಾವ ವಿದ್ಯೆಯಲ್ಲಿಯೇ ಆಗಲಿ, ಬಾಲಪಾಠದ ಚರಿತ್ರೆಯನ್ನು ಬರೆಯುವವರು ವಿರಳ. ಗಾಯಕನ ರಾಗವಿಸ್ತಾರವನ್ನು ಕೊಂಡಾಡುವವರು ಸರಳೆ ವರಸೆಯನ್ನು ನೆನೆಯುವುದಿಲ್ಲ. ಪಂಡಿತನ ವ್ಯಾಖ್ಯಾನವನ್ನು ಮೆಚ್ಚುವವರು ಅವನು ಬಾಲ್ಯದಲ್ಲಿ ರಾಮಶಬ್ದವನ್ನು ಎಷ್ಟು ಸಾರಿ ಬಾಯಿಪಾಠ ಮಾಡಿದನೆಂದು ಕೇಳುವುದಿಲ್ಲ. ಏಣಿಯ ಮೊದಲ ಮೆಟ್ಟಲು ಹತ್ತಿ ಮರೆಯತಕ್ಕದ್ದೆಂದೇ ಲೋಕದ ಎಣಿಕೆ. ಯೂರೋಪಿನ ಬ್ಯಾಲೆ ಎಂಬ ನೃತ್ಯದಲ್ಲಾದರೋ ಈ ಎಣಿಕೆ ನಡೆಯದು. ಅಲ್ಲಿ ಹೊಸದಾಗಿ ಸೇರಿದ ಎಂಟು ವರ್ಷದ ಹುಡುಗಿಯೂ ಜಗದ್ವಿಖ್ಯಾತಳಾದ ನರ್ತಕಿಯೂ ಬೆಳಗಿನ ಅಭ್ಯಾಸವನ್ನು ಒಂದೇ ಪಾಠದಿಂದ ಪ್ರಾರಂಭಿಸುತ್ತಾರೆ. ಆ ಪಾಠ ಯಾರಿಂದ ಬಂದಿತು, ಯಾರ ಮನೆಯಲ್ಲಿ ಹುಟ್ಟಿ ಯಾರ ಮಕ್ಕಳ ಪಾಲಿಗೆ ಸೇರಿತು ಎಂಬ ವೃತ್ತಾಂತ ಸ್ವಾರಸ್ಯವಾಗಿದೆ.

ಬ್ಯಾಲೆ ಕಲಿಯಬಂದ ಮಗುವಿಗೆ ಮೊದಲು ಹೇಳಿಕೊಡುವುದು ನಿಲ್ಲುವುದನ್ನು. ನಿಲ್ಲುವ ಕ್ರಮಗಳು ಐದು. ಹಿಮ್ಮಡಿಗಳೆರಡೂ ಒಂದಕ್ಕೊಂದು ತಾಗಿ, ಕಾಲ್ಬೆರಳುಗಳು ಎಡಕ್ಕೂ ಬಲಕ್ಕೂ ಹೊರಮುಖವಾಗಿ ತಿರುಗಿದ್ದರೆ ಅದು ಮೊದಲನೆಯ ಸ್ಥಾನ. ಅದೇ ತಿರುವಿನಲ್ಲಿ ಹಿಮ್ಮಡಿಗಳನ್ನು ಸುಮಾರು ಒಂದು ಪಾದದಷ್ಟು ಅಗಲಿಸಿದರೆ ಎರಡನೆಯದು. ಒಂದು ಪಾದದ ಹಿಮ್ಮಡಿಯನ್ನು ಮತ್ತೊಂದು ಪಾದದ ನಡುವಿಗೆ ಒತ್ತಿ ನಿಂತರೆ ಮೂರನೆಯದು. ಒಂದು ಪಾದವನ್ನು ಮುಂದಕ್ಕೆ ಸರಿಸಿ ನಡುವೆ ಎಡೆಬಿಟ್ಟರೆ ನಾಲ್ಕನೆಯದು. ಮುಂದಿನ ಪಾದದ ಹಿಮ್ಮಡಿ ಹಿಂದಿನ ಪಾದದ ಬೆರಳುಗಳನ್ನು ಮುಟ್ಟುವಂತೆ ಎರಡು ಪಾದಗಳನ್ನೂ ಅಡ್ಡವಾಗಿ ಜೋಡಿಸಿದರೆ ಐದನೆಯದು. ಓದುವುದಕ್ಕೆ ಇದು ಸುಲಭ. ನಿಂತು ನೋಡಿದವರಿಗೆ ಗೊತ್ತಾಗುವುದೇನೆಂದರೆ, ಈ ತಿರುವು ತೊಡೆಯ ಮೂಲದಲ್ಲಿ, ಸೊಂಟದ ಕೀಲಿನಲ್ಲಿ ಹುಟ್ಟಬೇಕು. ಪಾದವನ್ನು ಮಾತ್ರ ಬಲಾತ್ಕಾರವಾಗಿ ತಿರುಗಿಸಿದರೆ ಮೊಣಕಾಲು ತಿರುಚಿ ನೋಯುತ್ತದೆ. ಮೊಣಕಾಲು ಬಾಗಿದಾಗ ಅದು ಕಾಲ್ಬೆರಳುಗಳ ನೇರಕ್ಕೇ ಬರಬೇಕೆಂಬುದು ಉಪಾಧ್ಯಾಯರು ಎಂದೂ ಬಿಡದೆ ಹೇಳುವ ಮಾತು.

ಈ ಐದು ಸ್ಥಾನಗಳು ನಿಷ್ಕರ್ಷೆಯಾಗುವ ಮೊದಲೂ ಫ್ರಾನ್ಸಿನಲ್ಲಿ ನೃತ್ಯಪಾಠವಿತ್ತು. 1589ರಲ್ಲಿ ಲಾಂಗ್ರ್ ಪಟ್ಟಣದಲ್ಲಿ ಅಚ್ಚಾದ ‘ಆರ್ಕೆಸೊಗ್ರಾಫಿ’ ಎಂಬ ಗ್ರಂಥ ಅದಕ್ಕೆ ಸಾಕ್ಷಿ. ಅದನ್ನು ಬರೆದವನು ಒಬ್ಬ ಕ್ರೈಸ್ತ ಪುರೋಹಿತ. ಆಗ ಅವನಿಗೆ ಸುಮಾರು ಎಪ್ಪತ್ತು ವರ್ಷ. ತನ್ನ ಹೆಸರಿನ ಅಕ್ಷರಗಳನ್ನು ಹಿಂದುಮುಂದು ಮಾಡಿ ‘ತ್ವಾನೋ ಆರ್ಬೋ’ ಎಂಬ ಅಂಕಿತವನ್ನು ಇಟ್ಟುಕೊಂಡಿದ್ದನು. ಗ್ರಂಥವೆಲ್ಲ ಗುರುಶಿಷ್ಯ ಸಂವಾದರೂಪವಾಗಿದೆ. ಶಿಷ್ಯನಾದ ಕಾಪ್ರಿಯೋಲನು ನ್ಯಾಯಶಾಸ್ತ್ರ ಓದಿದ ತರುಣ. ಪಾಂಡಿತ್ಯವಿದ್ದರೂ ಸಭ್ಯರ ಕೂಟದಲ್ಲಿ ಕುಣಿಯಲು ಬಾರದೆಂಬ ಕೊರಗಿನಿಂದ ವೃದ್ಧಗುರುವಿನ ಬಳಿಗೆ ಬಂದವನು. (ಕಾಪ್ರಿಯೋಲ್ ಎಂಬುದು ಒಂದು ಜಿಗಿತದ ಹೆಸರೂ ಹೌದು, ಪುರೋಹಿತನಿಗೆ ವಿನೋದವೂ ಬರುತ್ತಿತ್ತು.) ಪಾದಗಳನ್ನು ಜೋಡಿಸಿ ನಿಲ್ಲುವುದು, ಅಗಲಿಸಿ ನಿಲ್ಲುವುದು, ಒಂದನ್ನು ಓರೆಯಾಗಿಟ್ಟು ನಿಲ್ಲುವುದು ಎಂದು ಆರ್ಬೋ ವಿವರಿಸುತ್ತಾನೆ. ಆದರೆ ಅಲ್ಲಿ ಎಲ್ಲ ಹೆಜ್ಜೆಗಳಿಗೂ ತಳಹದಿಯಾದ ಒಂದು ವರ್ಣಮಾಲೆಯಿಲ್ಲ.

ವರ್ಣಮಾಲೆಯನ್ನು ಕೊಟ್ಟದ್ದು ಹದಿನಾಲ್ಕನೆಯ ಲೂಯಿ ದೊರೆಯ ಆಸ್ಥಾನ. ಈ ದೊರೆ ಸ್ವತಃ ನರ್ತಕ. 1653ರಲ್ಲಿ, ಹದಿನಾಲ್ಕು ವರ್ಷದವನಾಗಿದ್ದಾಗ, ‘ರಾತ್ರಿಯ ಬ್ಯಾಲೆ’ ಎಂಬ ಪ್ರಯೋಗದ ಕೊನೆಯಲ್ಲಿ ಉದಯಸೂರ್ಯನ ವೇಷದಿಂದ ರಂಗಕ್ಕೆ ಬಂದನು. 1661ರಲ್ಲಿ ರಾಜ್ಯಭಾರವನ್ನು ತನ್ನ ಕೈಗೆ ತೆಗೆದುಕೊಂಡ ವರ್ಷವೇ ಹದಿಮೂರು ಮಂದಿ ನೃತ್ಯಾಚಾರ್ಯರನ್ನು ಸೇರಿಸಿ ರಾಜಕೀಯ ನೃತ್ಯಪರಿಷತ್ತನ್ನು ಸ್ಥಾಪಿಸಿದನು. ಯುದ್ಧಗಳ ಗೊಂದಲದಲ್ಲಿ ನೃತ್ಯ ಕೆಟ್ಟಿದೆ, ಅರಿಯದವರು ಕಲಿಸುತ್ತಿದ್ದಾರೆ, ಶಸ್ತ್ರಾಭ್ಯಾಸಕ್ಕೂ ದೇಹವನ್ನು ಹದಗೊಳಿಸುವ ಈ ವಿದ್ಯೆಯನ್ನು ಶುದ್ಧಿಮಾಡಬೇಕು ಎಂಬುದು ರಾಜಶಾಸನದ ಅಭಿಪ್ರಾಯ. ದೊರೆಗಳು ವ್ಯಾಕರಣವನ್ನು ಪೋಷಿಸುವುದು ನಮ್ಮ ದೇಶಕ್ಕೆ ಹೊಸದಲ್ಲ; ದೊರೆಯೊಬ್ಬನು ಕಾಲಿನ ವ್ಯಾಕರಣಕ್ಕೆ ಶಾಸನ ಹೊರಡಿಸಿದ್ದು ವಿಶೇಷ.

ಲೂಯಿಗೆ ನೃತ್ಯಗುರುವಾಗಿದ್ದ ಪಿಯರ್ ಬೋಶಾಂ ಎಂಬವನೇ ಐದು ಸ್ಥಾನಗಳನ್ನು ನಿರ್ಣಯಿಸಿದನೆಂದು ಪ್ರಸಿದ್ಧಿ. ಆದರೆ ಬೋಶಾಂ ಇವನ್ನು ಕುರಿತು ಒಂದು ಗ್ರಂಥವನ್ನೂ ಪ್ರಕಟಿಸಲಿಲ್ಲ. ಅವು ಮೊದಲು ಅಚ್ಚಿನಲ್ಲಿ ಬೆಳಕಿಗೆ ಬಂದದ್ದು 1700ರಲ್ಲಿ ಪ್ಯಾರಿಸಿನಲ್ಲಿ ಪ್ರಕಟವಾದ ರಾವುಲ್ ಓಜೇ ಫೊಯೇ ಎಂಬವನ ‘ಕೊರಿಯೊಗ್ರಾಫಿ’ಯಲ್ಲಿ. ಹೆಜ್ಜೆಗಳನ್ನು ರೇಖೆಗಳಿಂದ ಕಾಗದದ ಮೇಲೆ ಬರೆದಿಡುವ ಪದ್ಧತಿಯನ್ನು ಆ ಪುಸ್ತಕ ಬೋಧಿಸಿತು. ಆರು ವರ್ಷಗಳಲ್ಲಿ ಇಂಗ್ಲಿಷಿಗೂ ಭಾಷಾಂತರವಾಯಿತು. ವೃದ್ಧನಾದ ಬೋಶಾಂ ಸುಮ್ಮನಿರಲಿಲ್ಲ. ದೊರೆಯ ಅಪ್ಪಣೆಯಿಂದ ಆ ಬರಹವನ್ನು ಕಂಡುಹಿಡಿದವನು ತಾನು, ಇತರರು ಅದರ ಫಲವನ್ನು ಉಣ್ಣುತ್ತಿದ್ದಾರೆ ಎಂದು 1704ರಲ್ಲಿ ರಾಜಮಂತ್ರಾಲೋಚನ ಸಭೆಗೆ ದೂರು ಕೊಟ್ಟನು. ಅವನು ಬೇಡಿದ ಪರಿಹಾರ ದೊರೆಯಲಿಲ್ಲ, ಮರುವರ್ಷ ತೀರಿಕೊಂಡನು. ಅವನ ಋಣವನ್ನು ತೀರಿಸಿದವನು ಪಿಯರ್ ರಮೋ. 1725ರಲ್ಲಿ ಹೊರಬಂದ ‘ನೃತ್ಯಾಚಾರ್ಯ’ ಎಂಬ ತನ್ನ ಪುಸ್ತಕದಲ್ಲಿ ರಮೋ, ಪಾದಗಳ ದೂರಸಾಮೀಪ್ಯಗಳಿಗೆ ಅಳತೆಯನ್ನು ಕಟ್ಟಿಕೊಟ್ಟವನು ಬೋಶಾಂ ಎಂದು ಸ್ಪಷ್ಟವಾಗಿ ಬರೆದನು. ಬಾಯಿಂದ ಹೇಳಿಕೊಟ್ಟ ಗುರುವಿನ ಹೆಸರು ಇಂದಿಗೂ ಉಳಿದಿರುವುದು ಈ ಒಬ್ಬನ ಕೃತಜ್ಞತೆಯಿಂದ ಎಂದರೆ ಅತಿಶಯೋಕ್ತಿಯಾಗದು.

ಅಳತೆಯ ಮಾತು ಬಂದಾಗ ಭರತಮುನಿಯ ಸ್ಮರಣೆ ಸಹಜವಾಗಿಯೇ ಬರುತ್ತದೆ. ನಾಟ್ಯಶಾಸ್ತ್ರದಲ್ಲಿ ವೈಷ್ಣವ, ಸಮಪಾದ, ವೈಶಾಖ, ಮಂಡಲ, ಆಲೀಢ, ಪ್ರತ್ಯಾಲೀಢವೆಂದು ಆರು ಸ್ಥಾನಗಳು ಹೇಳಲ್ಪಟ್ಟಿವೆ. ಪಾದಗಳ ನಡುವಣ ಅಂತರ ಸಮಪಾದದಲ್ಲಿ ಒಂದು ತಾಲ, ವೈಷ್ಣವದಲ್ಲಿ ಎರಡೂವರೆ ತಾಲ ಎಂದು ಅಳತೆಯೂ ಇದೆ. ಹೀಗಿದ್ದರೂ ಒಂದರಿಂದ ಮತ್ತೊಂದು ಹುಟ್ಟಿತೆಂದು ಹೇಳಲು ಆಧಾರವಿಲ್ಲ; ಸಾಮ್ಯವನ್ನು ಕಂಡೊಡನೆ ಸಂಬಂಧವನ್ನು ಕಲ್ಪಿಸುವ ಉತ್ಸಾಹ ಚರಿತ್ರೆಗೆ ಒಳ್ಳೆಯದಲ್ಲ. ಭರತನ ಸ್ಥಾನಗಳಲ್ಲಿ ಬಿಲ್ಲೆಳೆಯುವ ವೀರನ ನಿಲುವೂ ಇದೆ. ಬೋಶಾಮನವು ಆಸ್ಥಾನದ ಸಭ್ಯನ ನಿಲುವುಗಳು. ಪಾದವನ್ನು ಹೊರಕ್ಕೆ ತಿರುಗಿಸಿ ನಡೆಯುವುದು ಅಲ್ಲಿ ಕುಲೀನತೆಯ ಲಕ್ಷಣ. ರೇಷ್ಮೆಯ ಕಾಲುಚೀಲದೊಳಗಿನ ಮೀನಖಂಡದ ಸೊಬಗೂ ಪಾದರಕ್ಷೆಯ ಅಲಂಕಾರವೂ ಇದಿರಿನಲ್ಲಿದ್ದವರಿಗೆ ಹಾಗೆಯೇ ಚೆನ್ನಾಗಿ ಕಾಣುತ್ತಿದ್ದುವು. ಫೊಯೇ ಐದು ಸರಿಯಾದ ಸ್ಥಾನಗಳೊಡನೆ ಬೆರಳುಗಳು ಒಳಕ್ಕೆ ತಿರುಗಿದ ಐದು ತಪ್ಪು ಸ್ಥಾನಗಳನ್ನೂ ಚಿತ್ರಿಸಿದ್ದಾನೆ. ಸಾಧುಶಬ್ದಗಳೊಡನೆ ಅಪಶಬ್ದಗಳನ್ನೂ ಪಟ್ಟಿಮಾಡಿದ ವೈಯಾಕರಣನಂತೆ!

1713ರಲ್ಲಿ ಪ್ಯಾರಿಸಿನ ಆಪೆರಾ ನಾಟಕಶಾಲೆಗೆ ಸೇರಿದಂತೆ ವೃತ್ತಿನರ್ತಕರನ್ನು ತಯಾರುಮಾಡಲು ಒಂದು ಪಾಠಶಾಲೆಗೆ ಏರ್ಪಾಡಾಯಿತು. ಅಂದಿನಿಂದ ಪ್ರಭುಗಳ ನಡೆನುಡಿ ಬಡಮಕ್ಕಳ ಜೀವನೋಪಾಯವಾಗತೊಡಗಿತು. ತಿರುವು ಹೆಚ್ಚುತ್ತ ಹೋದಂತೆ, ಅದು ಬಾರದ ಮಕ್ಕಳ ಕಾಲನ್ನು ಹೊರಕ್ಕೆ ಹಿರಿಯುವ ಒಂದು ಯಂತ್ರವೂ ಬಳಕೆಗೆ ಬಂದಿತು. ಜಾನ್ ಜಾರ್ಜ್ ನೊವೇರ್ ಎಂಬ ಆಚಾರ್ಯನು 1760ರಲ್ಲಿ ಪ್ರಕಟಿಸಿದ ತನ್ನ ಪತ್ರಗಳಲ್ಲಿ ಈ ಯಂತ್ರವನ್ನು ಖಂಡಿಸಿದನು. ಸ್ಥಾನಗಳನ್ನು ಅರಿಯುವುದು ಒಳ್ಳೆಯದು, ಮರೆಯುವುದು ಇನ್ನೂ ಒಳ್ಳೆಯದು ಎಂಬ ಅರ್ಥದ ಮಾತನ್ನೂ ಆಡಿದನು. ನೃತ್ಯವು ಭಾವವನ್ನು ನುಡಿಯಬೇಕೆಂಬುದು ಅವನ ಸಿದ್ಧಾಂತ. ಅವನ ಮಾತನ್ನು ಹಿಡಿದು ಬಾಲಪಾಠವನ್ನು ಹಳಿಯುವವರು ಒಂದನ್ನು ಗಮನಿಸಬೇಕು: ಅರಿತವನೇ ಮರೆಯಬಲ್ಲನು.

ಹತ್ತೊಂಬತ್ತನೆಯ ಶತಮಾನದಲ್ಲಿ ಪಾಠಕ್ಕೆ ಈಗಿನ ರೂಪ ಬಂದಿತು. 1820ರಲ್ಲಿ ಮಿಲಾನ್ ನಗರದಲ್ಲಿ ಕಾರ್ಲೋ ಬ್ಲಾಸಿಸ್ ಎಂಬ ಇಟಲಿಯವನು ತನ್ನ ಗ್ರಂಥವನ್ನು ಪ್ರಕಟಿಸಿದನು. ಮೊದಲು ಒಂದು ಆಧಾರವನ್ನು ಕೈಯಿಂದ ಹಿಡಿದು, ಆಮೇಲೆ ಹಿಡಿಯದೆ ಅಭ್ಯಾಸಮಾಡಬೇಕೆಂದು ಅವನ ವಿಧಿ. ಇಂದಿನ ಶಾಲೆಗಳಲ್ಲಿ ಗೋಡೆಯುದ್ದಕ್ಕೂ ಮರದ ಅಡ್ಡಗಂಬಿಯಿರುವುದು ಇದಕ್ಕಾಗಿಯೇ. ಅದನ್ನು ಹಿಡಿದು ನಿಂತ ಮಗು ಮೊದಲು ಕಲಿಯುವುದು ‘ಪ್ಲಿಯೇ’. ಎಂದರೆ ಮೊಣಕಾಲು ಬಾಗಿಸುವುದು. ಅರ್ಧ ಬಾಗುವಾಗ ಹಿಮ್ಮಡಿ ನೆಲವನ್ನು ಬಿಡಕೂಡದು. ಆಮೇಲೆ ‘ತಾಂದ್ಯು’, ಪಾದವನ್ನು ನೆಲದ ಮೇಲೆಯೇ ಜಾರಿಸುತ್ತ ಬೆರಳತುದಿಯವರೆಗೆ ನೀಡಿ ಮತ್ತೆ ಸ್ಥಾನಕ್ಕೆ ತರುವುದು. ಕಾಲಿನಿಂದ ನೆಲದಲ್ಲಿ ಅರ್ಧವೃತ್ತವನ್ನು ಬರೆಯುವುದು, ಕಾಲನ್ನು ಬೀಸುವುದು ಇವೆಲ್ಲ ಬಳಿಕ. ಕಂಬಿಯನ್ನು ಬಿಟ್ಟು ನಡುಮನೆಗೆ ಬಂದ ಮೇಲೆ ಜಾರುವ ‘ಗ್ಲಿಸಾದ್’, ಕಾಲುಗಳನ್ನು ಗಾಳಿಯಲ್ಲಿ ಕೂಡಿಸಿ ಇಳಿಯುವ ‘ಅಸಾಂಬ್ಲೇ’, ಬೆಕ್ಕಿನ ನೆಗೆತದಂತಿರುವ ‘ಪಾ ದ ಶಾ’. ಯಾವ ಜಿಗಿತವೇ ಆಗಲಿ ಪ್ಲಿಯೇಯಿಂದ ಏಳಬೇಕು, ಪ್ಲಿಯೇಯಲ್ಲಿ ಇಳಿಯಬೇಕು. ಇಲ್ಲವಾದರೆ ಏಳುವುದಕ್ಕೆ ಬಲವಿಲ್ಲ, ಇಳಿದಾಗ ಪೆಟ್ಟು ತಪ್ಪದು.

ಈ ಅಭ್ಯಾಸದ ಕಾಠಿನ್ಯಕ್ಕೆ ಮಾರಿ ತಾಲ್ಯೋನಿಯ ಕಥೆಯೇ ಸಾಕು. ಆಕೆಯ ಮೈಕಟ್ಟು ನೃತ್ಯಕ್ಕೆ ಅನುಕೂಲವಾದುದಲ್ಲವೆಂದು ಕಂಡವರು ಹೇಳುತ್ತಿದ್ದರು. 1822ರಲ್ಲಿ ವಿಯೆನ್ನಾ ನಗರದಲ್ಲಿ ರಂಗಪ್ರವೇಶಕ್ಕೆ ಮುಂಚೆ ತಂದೆ ಫಿಲಿಪ್ಪೋ ಆರು ತಿಂಗಳು, ದಿನಕ್ಕೆ ಆರು ಗಂಟೆಯಂತೆ ಅಭ್ಯಾಸ ಮಾಡಿಸಿದನು. ಒಂದೊಂದು ಭಂಗಿಯಲ್ಲಿಯೂ ನೂರು ಎಣಿಸುವವರೆಗೆ ನಿಲ್ಲಬೇಕಾಗಿತ್ತು. 1832ರ ಮಾರ್ಚಿಯಲ್ಲಿ ‘ಲಾ ಸಿಲ್ಫೀದ್’ ಎಂಬ ಬ್ಯಾಲೆಯಲ್ಲಿ ಆಕೆ ಬೆರಳತುದಿಯಲ್ಲಿ ನಿಂತು ಸುಳಿದುದನ್ನು ಕಂಡ ಪ್ಯಾರಿಸಿನ ಜನರಿಗೆ ಶ್ರಮದ ಸುಳಿವೇ ಕಾಣಲಿಲ್ಲ.

ರಷ್ಯಾದಲ್ಲಿ ಈ ವಿದ್ಯೆ ಬೇರೂರಿದ್ದು 1738ರಲ್ಲಿ. ಜಾನ್ ಬಾಪ್ಟಿಸ್ಟ್ ಲಾಂದೇ ಎಂಬ ಫ್ರೆಂಚನು ಆನ್ನಾ ಸಾಮ್ರಾಜ್ಞಿಯ ಅನುಮತಿಯಿಂದ ಪೀಟರ್ಸ್‌ಬರ್ಗಿನ ಅರಮನೆಯಲ್ಲಿ ಹನ್ನೆರಡು ಗಂಡುಮಕ್ಕಳಿಗೂ ಹನ್ನೆರಡು ಹೆಣ್ಣುಮಕ್ಕಳಿಗೂ ಪಾಠವನ್ನು ಆರಂಭಿಸಿದನು. ಅವರು ಅರಮನೆಯ ಆಳುಗಳ ಮಕ್ಕಳು. ಸೂರ್ಯನ ವೇಷ ಹಾಕಿದ ದೊರೆಯ ನಿಲುವನ್ನು ಎಂಬತ್ತೈದು ವರ್ಷಗಳೊಳಗೆ ಪರದೇಶದ ಸೇವಕರ ಮಕ್ಕಳು ಕಲಿತರು. ಆ ಶಾಲೆಯ ಪರಂಪರೆಯಲ್ಲಿಯೇ ಅಗ್ರಿಪೀನಾ ವಗಾನೋವಾ ಎಂಬ ಗುರುವು ಕ್ರಮವನ್ನೆಲ್ಲ ಮರಳಿ ಸಂಸ್ಕರಿಸಿ 1934ರಲ್ಲಿ ಗ್ರಂಥರೂಪಕ್ಕೆ ತಂದಳು. ಅಲ್ಲಿ ಕಲಿತ ಅನ್ನಾ ಪಾವ್ಲೋವಾ ಲೋಕಸಂಚಾರ ಮಾಡುತ್ತ ಭರತಖಂಡಕ್ಕೂ ಬಂದಳು.

1928ರಲ್ಲಿ ಮುಂಬಯಿಯಲ್ಲಿ ಪಾವ್ಲೋವಾಳ ನೃತ್ಯವನ್ನು ನೋಡಿದವರಲ್ಲಿ ರುಕ್ಮಿಣೀದೇವಿಯವರೂ ಒಬ್ಬರು. ಮುಂದೆ ಆಸ್ಟ್ರೇಲಿಯಾಕ್ಕೆ ಹೋಗುವಾಗ ಇಬ್ಬರಿಗೂ ಒಂದೇ ಹಡಗಿನಲ್ಲಿ ಪ್ರಯಾಣ ಒದಗಿ ಸ್ನೇಹವಾಯಿತು. ಇಪ್ಪತ್ತು ದಾಟಿದ ವಯಸ್ಸಿನಲ್ಲಿ ಅವರು ಪಾವ್ಲೋವಾಳ ತಂಡದ ಕ್ಲಿಯೋ ನೋರ್ದಿ ಎಂಬಾಕೆಯಿಂದ ಬ್ಯಾಲೆಯ ಮೊದಲ ಪಾಠವನ್ನು ಹೇಳಿಸಿಕೊಂಡರು. ನಿಮ್ಮ ದೇಶದ ನೃತ್ಯವನ್ನು ಹುಡುಕಿಕೊಳ್ಳಿ ಎಂದು ಪಾವ್ಲೋವಾಳೇ ಸಲಹೆಯಿತ್ತಳು. ಆಮೇಲೆ ರುಕ್ಮಿಣೀದೇವಿಯವರು ಪಂದನಲ್ಲೂರು ಮೀನಾಕ್ಷಿಸುಂದರಂ ಪಿಳ್ಳೆಯವರ ಬಳಿ ಮತ್ತೆ ಮೊದಲಿನಿಂದ ಕಲಿಯಬೇಕಾಯಿತು. ಅಲ್ಲಿಯೂ ಮೊಣಕಾಲುಗಳನ್ನು ಹೊರಕ್ಕೆ ಬಾಗಿಸುವುದೇ ಮೊದಲ ಪಾಠ. ಆದರೆ ಫ್ರೆಂಚರ ಪ್ಲಿಯೇ ಮೇಲೆ ಹಾರುವುದಕ್ಕೆ ಬಾಗಿಲು. ನಮ್ಮ ಅರೆಮಂಡಿ ನೃತ್ಯ ವಾಸವಾಗಿರುವ ಮನೆ. ಎರಡನ್ನೂ ಕಾಲಿನಿಂದ ಅರಿತ ಆ ಶಿಷ್ಯೆ 1935ರಲ್ಲಿ ಅಡೆಯಾರಿನಲ್ಲಿ ರಂಗವನ್ನೇರಿದರು. ಮರುವರ್ಷ ಕಲಾಕ್ಷೇತ್ರದ ಸ್ಥಾಪನೆಯಾಯಿತು.