ಲೆಗೋ ರೈಲಿಗೆ ಬೆಟ್ಟದ ಸುರಂಗ ಕಟ್ಟುವುದು ಹೇಗೆ? ಅಳತೆಯಿಂದ ಹಸಿರಿನವರೆಗೆ ಪೂರ್ಣ ಮಾಹಿತಿ

ನೆಲದ ಮೇಲೆ ಗುಂಡಗೆ ಸುತ್ತುವ ಲೆಗೋ ರೈಲು ಹತ್ತಾರು ಸುತ್ತು ಮುಗಿಸುವಷ್ಟರಲ್ಲಿ ಮಕ್ಕಳಿಗೂ ಬೇಸರ ತರಿಸುತ್ತದೆ, ದೊಡ್ಡವರಿಗೂ ತರಿಸುತ್ತದೆ. ಅದೇ ಹಳಿಯ ಮೇಲೊಂದು ಬೆಟ್ಟ ಎದ್ದು, ರೈಲು ಅದರೊಳಗೆ ಮಾಯವಾಗಿ ಇನ್ನೊಂದು ಬದಿಯಲ್ಲಿ ಹೊರಬಂದರೆ ಆಟಕ್ಕೆ ಹೊಸ ಜೀವ ಬರುತ್ತದೆ. ಲೆಗೋ ರೈಲಿನ ಹವ್ಯಾಸಿಗಳು ನಿಲ್ದಾಣದಷ್ಟೇ ಆಸಕ್ತಿಯಿಂದ ಸುರಂಗ ಕಟ್ಟುವುದಕ್ಕೆ ಇದೇ ಕಾರಣ.

ಆದರೆ ಹೊರಗಿನ ಅಂದಕ್ಕೆ ಮಾತ್ರ ಗಮನ ಕೊಟ್ಟು ಕಟ್ಟಿದ ಸುರಂಗ ಬೇಗ ಕೈಕೊಡುತ್ತದೆ. ಬೋಗಿಯ ಮೂಲೆ ಗೋಡೆಗೆ ತಾಗುತ್ತದೆ. ರಿಮೋಟ್ ಒತ್ತಿದರೂ ರೈಲು ನಿಲ್ಲುವುದಿಲ್ಲ. ಹಳಿ ತಪ್ಪಿದ ಬೋಗಿಯನ್ನು ಎತ್ತಲು ಕೈ ಹೋಗುವುದಿಲ್ಲ, ಕೊನೆಗೆ ಇಡೀ ಬೆಟ್ಟವನ್ನೇ ಒಡೆಯಬೇಕಾಗುತ್ತದೆ. ಹಾಗಾಗಿ ಈ ಕೆಲಸ ಒಳಗಿನಿಂದ ಹೊರಕ್ಕೆ ಸಾಗಬೇಕು. ಮೊದಲು ರೈಲಿನ ಅಳತೆ, ನಂತರ ಕೈ ಹೋಗುವ ದಾರಿ, ಕೊನೆಗೆ ಬೆಟ್ಟ.

ಮೊದಲು ನೋಡಬೇಕಾದ್ದು ರೈಲು ಯಾವ ಕಾಲದ್ದು ಎಂದು

ಡೆನ್ಮಾರ್ಕ್‌ನ ಬಿಲ್ಲುಂಡ್ ಎಂಬ ಊರಿನಲ್ಲಿ ಬಡಗಿ ಓಲೆ ಕಿರ್ಕ್ ಕ್ರಿಸ್ಟಿಯನ್ಸನ್ 1932ರಲ್ಲಿ ಆರಂಭಿಸಿದ ಕಂಪನಿ ಲೆಗೋ. ಇಂದಿನ ರೂಪದ ಬ್ರಿಕ್‌ಗೆ ಪೇಟೆಂಟ್ ಅರ್ಜಿ ಸಲ್ಲಿಕೆಯಾಗಿದ್ದು 1958ರಲ್ಲಿ. ಮೊದಲ ಲೆಗೋ ರೈಲು ಬಂದದ್ದು 1966ರಲ್ಲಿ. 1991ರಲ್ಲಿ ಲೋಹದ ಹಳಿಯಿಂದಲೇ ವಿದ್ಯುತ್ ಪಡೆಯುವ 9 ವೋಲ್ಟ್ ರೈಲು ಬಂತು. 2006ರಿಂದ ಪ್ಲಾಸ್ಟಿಕ್ ಹಳಿ, ರೈಲಿನೊಳಗೇ ಬ್ಯಾಟರಿ ಮತ್ತು ಇನ್ಫ್ರಾರೆಡ್ ರಿಮೋಟ್ ಬಂದವು. 2018ರಿಂದ ಬಂದ ರೈಲುಗಳು ಬ್ಲೂಟೂತ್ ಮೂಲಕ ನಡೆಯುತ್ತವೆ.

ಸುರಂಗ ಕಟ್ಟುವವರಿಗೆ ಈ ವ್ಯತ್ಯಾಸ ಮುಖ್ಯ. ಇನ್ಫ್ರಾರೆಡ್ ಕಿರಣ ಟಿವಿ ರಿಮೋಟ್‌ನ ಹಾಗೆ, ಎದುರಿಗೆ ಅಡ್ಡಿ ಇರಬಾರದು. ಇಂಥ ರೈಲು ಬೆಟ್ಟದೊಳಗೆ ಹೊಕ್ಕ ಮೇಲೆ ‘ನಿಲ್ಲು’ ಎಂಬ ಆದೇಶ ತಲುಪದೆ ಹಳೆಯ ವೇಗದಲ್ಲೇ ಓಡಬಹುದು. ಅಂಥವರು ಸುರಂಗವನ್ನು ಚಿಕ್ಕದಾಗಿ ಇಟ್ಟು, ಹಿಂಬದಿಯನ್ನು ತೆರೆದಿಡುವುದು ಒಳ್ಳೆಯದು. ಬ್ಲೂಟೂತ್‌ಗೆ ಪ್ಲಾಸ್ಟಿಕ್ ಗೋಡೆ ಅಡ್ಡಿಯಲ್ಲ. 9 ವೋಲ್ಟ್ ರೈಲಿಗೆ ಹಳಿಯಿಂದಲೇ ವಿದ್ಯುತ್ ಸಿಗುವುದರಿಂದ ರಿಮೋಟ್‌ನ ಪ್ರಶ್ನೆಯೇ ಇಲ್ಲ. ಆದರೆ ಒಳಗಿನ ಹಳಿಯ ಮೇಲೆ ದೂಳು ಕೂತರೆ ಸಂಪರ್ಕ ತಪ್ಪುತ್ತದೆ, ಒರೆಸಲು ಜಾಗ ಇರಬೇಕು.

ಅಳತೆಯ ಲೆಕ್ಕ

ಲೆಗೋ ಲೋಕದಲ್ಲಿ ಅಳತೆಗೋಲು ‘ಸ್ಟಡ್’. ಬ್ರಿಕ್‌ನ ಮೇಲಿರುವ ಗುಂಡನೆಯ ಉಬ್ಬಿಗೆ ಈ ಹೆಸರು. ಒಂದು ಸ್ಟಡ್‌ನ ನಡುವಿನಿಂದ ಇನ್ನೊಂದರ ನಡುವಿಗೆ 8 ಮಿ.ಮೀ. ಬ್ರಿಕ್‌ನ ಎತ್ತರ 9.6 ಮಿ.ಮೀ. ತೆಳುವಾದ ಪ್ಲೇಟ್‌ನ ಎತ್ತರ 3.2 ಮಿ.ಮೀ. ಅಂದರೆ ಮೂರು ಪ್ಲೇಟ್ ಸೇರಿದರೆ ಒಂದು ಬ್ರಿಕ್.

ನೇರ ಹಳಿಯ ಒಂದು ತುಂಡು 16 ಸ್ಟಡ್ ಉದ್ದ, ಅಂದರೆ 12.8 ಸೆಂ.ಮೀ. ಅದರ ಅಡ್ಡಪಟ್ಟಿಗಳ ಅಗಲ 8 ಸ್ಟಡ್. ಕಂಪನಿಯ ರೈಲುಗಳು ಸಾಮಾನ್ಯವಾಗಿ 6 ಸ್ಟಡ್ ಅಗಲ. ಸ್ವಂತ ವಿನ್ಯಾಸದ ರೈಲು ಕಟ್ಟುವ ಅನೇಕರು 8 ಸ್ಟಡ್ ಅಗಲ ಇಡುತ್ತಾರೆ.

ಇವೆಲ್ಲಕ್ಕೂ ಹೊಂದುವ ಒಂದು ಸುಲಭ ಲೆಕ್ಕವಿದೆ. ಸುರಂಗದ ಒಳ ಅಗಲ 12 ಸ್ಟಡ್, ಎರಡೂ ಬದಿಯ ಗೋಡೆ ತಲಾ 2 ಸ್ಟಡ್. ಒಟ್ಟು 16 ಸ್ಟಡ್. ಹೀಗಾದಾಗ 16 ಸ್ಟಡ್ ಉದ್ದ, 16 ಸ್ಟಡ್ ಅಗಲದ ಒಂದು ಪ್ಲೇಟ್ ಚಾವಣಿಯಾಗಿ ಸರಿಯಾಗಿ ಕೂರುತ್ತದೆ. ಅದರ ಉದ್ದ ಒಂದು ನೇರ ಹಳಿಗೂ ಸಮ. ಹಳಿಯ ಎರಡೂ ಬದಿಗೆ 2 ಸ್ಟಡ್, ಅಂದರೆ 1.6 ಸೆಂ.ಮೀ. ಜಾಗ ಉಳಿದು ಬೆರಳು ಹೋಗುತ್ತದೆ.

ಎತ್ತರವನ್ನು ಅಂದಾಜಿಗೆ ಬಿಡಬಾರದು. ಮನೆಯಲ್ಲಿರುವ ಅತಿ ಎತ್ತರದ ಬೋಗಿಯನ್ನು ಹಳಿಯ ಮೇಲೆ ನಿಲ್ಲಿಸಿ, ಹೊಗೆ ಕೊಳವೆ ಅಥವಾ ತಂತಿ ಮುಟ್ಟುವ ಪ್ಯಾಂಟೊಗ್ರಾಫ್ ಸೇರಿಸಿ ಅಳೆದು, ಮೇಲೆ ಎರಡು ಬ್ರಿಕ್ ಸೇರಿಸಬೇಕು. ಸಾಮಾನ್ಯ ರೈಲಿಗೆ 14 ಬ್ರಿಕ್ ಒಳ ಎತ್ತರ, ಅಂದರೆ ಸುಮಾರು 13.4 ಸೆಂ.ಮೀ. ಸಾಕಾಗುತ್ತದೆ.

ತಿರುವಿನಲ್ಲಿ ಎಚ್ಚರ

ನೇರ ಹಳಿಯಲ್ಲಿ ಸರಾಗವಾಗಿ ಸಾಗುವ ರೈಲು ತಿರುವಿನಲ್ಲಿ ಗೋಡೆಗೆ ತಾಗುತ್ತದೆ. ಬೋಗಿಯ ಎರಡು ತುದಿಗಳು ಹೊರಕ್ಕೆ ಚಾಚಿಕೊಳ್ಳುತ್ತವೆ, ನಡು ಭಾಗ ಒಳಕ್ಕೆ ಸರಿಯುತ್ತದೆ. ಲೆಗೋದ ಸಾಮಾನ್ಯ ತಿರುವು ಹಳಿಗಳು 16 ಸೇರಿದರೆ ಒಂದು ಪೂರ್ಣ ವೃತ್ತ. ಅದರ ತ್ರಿಜ್ಯ ಹಳಿಯ ನಡುವಿಗೆ 40 ಸ್ಟಡ್.

ಉದಾಹರಣೆಗೆ, 28 ಸ್ಟಡ್ ಉದ್ದ, 6 ಸ್ಟಡ್ ಅಗಲದ ಬೋಗಿಯೊಂದರ ಚಕ್ರಗಳ ಎರಡು ಗುಂಪುಗಳ ನಡುವೆ 16 ಸ್ಟಡ್ ಅಂತರ ಇದೆ ಎಂದುಕೊಳ್ಳೋಣ. ನೇರ ದಾರಿಯಲ್ಲಿ ಹಳಿಯ ನಡುವಿನಿಂದ ಅದಕ್ಕೆ ಬೇಕಾದ್ದು ಎರಡೂ ಬದಿಗೆ 3 ಸ್ಟಡ್ ಮಾತ್ರ. ತಿರುವಿನಲ್ಲಿ ಹೊರಬದಿಗೆ ಸುಮಾರು 4.5 ಸ್ಟಡ್, ಒಳಬದಿಗೆ ಸುಮಾರು 3.8 ಸ್ಟಡ್ ಬೇಕು. ಬೋಗಿ ಇನ್ನೂ ಉದ್ದವಾದರೆ ಇದೂ ಬೆಳೆಯುತ್ತದೆ.

ಲೆಕ್ಕ ಬೇಡ ಎನ್ನುವವರಿಗೆ ಸರಳ ಉಪಾಯವಿದೆ. ತಿರುವು ಹಳಿಯ ಕೆಳಗೆ ಹಳೆಯ ಪತ್ರಿಕೆ ಹಾಸಿ, ಅತಿ ಉದ್ದದ ಬೋಗಿಯ ಹೊರ ಮೂಲೆಗೆ ಮತ್ತು ಒಳಬದಿಯ ನಡುವಿಗೆ ಪೆನ್ಸಿಲ್ ಅಂಟಿಸಿ ಕೈಯಿಂದ ನಿಧಾನವಾಗಿ ತಳ್ಳಿದರೆ ಕಾಗದದ ಮೇಲೆ ಎರಡು ಗೆರೆ ಮೂಡುತ್ತವೆ. ಗೋಡೆ ಆ ಗೆರೆಗಳಿಂದ ಕನಿಷ್ಠ ಒಂದು ಸ್ಟಡ್ ದೂರ ಇರಬೇಕು. ಮೊದಲ ಸುರಂಗವನ್ನು ನೇರ ಹಳಿಯ ಮೇಲೆ ಕಟ್ಟುವುದೇ ಜಾಣತನ. ಹಳಿ ಕವಲೊಡೆಯುವ ಜಾಗವನ್ನಂತೂ ಬೆಟ್ಟದೊಳಗೆ ಇಡಲೇಬಾರದು, ರೈಲು ಹಳಿ ತಪ್ಪುವ ಸಾಧ್ಯತೆ ಅಲ್ಲಿ ಹೆಚ್ಚು.

ಎಷ್ಟು ಉದ್ದ ಬೇಕು?

ಮೂರು ನೇರ ಹಳಿ ಸೇರಿದರೆ 48 ಸ್ಟಡ್, ಅಂದರೆ 38.4 ಸೆಂ.ಮೀ. ದೊಡ್ಡ ಬೇಸ್‌ಪ್ಲೇಟ್‌ನ ಒಂದು ಬದಿಯೂ ಅಷ್ಟೇ ಇರುವುದರಿಂದ ಆರಂಭಕ್ಕೆ ಇದು ಅನುಕೂಲ. ತಲಾ 28 ಸ್ಟಡ್‌ನ ಎಂಜಿನ್ ಮತ್ತು ಎರಡು ಬೋಗಿ ಸೇರಿದರೆ ರೈಲು ಸುಮಾರು 67 ಸೆಂ.ಮೀ. ಆಗುತ್ತದೆ. ಆಗ ಎಂಜಿನ್ ಹೊರಬಂದಾಗ ಕೊನೆಯ ಬೋಗಿ ಇನ್ನೂ ಈಚೆ ಬದಿಯಲ್ಲೇ ಕಾಣುತ್ತದೆ. ರೈಲು ಪೂರ್ತಿ ಮಾಯವಾಗಬೇಕಾದರೆ ಆರು ಹಳಿಗಳ ಉದ್ದ ಬೇಕು. ಉದ್ದ ಹೆಚ್ಚಿದಷ್ಟೂ ಒಳಗೆ ಸಿಕ್ಕಿಬಿದ್ದ ರೈಲನ್ನು ತೆಗೆಯುವುದು ಕಷ್ಟ ಎಂಬುದೂ ನೆನಪಿರಲಿ.

ಗೋಡೆ ಮತ್ತು ತೆಗೆಯಬಹುದಾದ ಚಾವಣಿ

48 ಸ್ಟಡ್ ಉದ್ದದ ಸುರಂಗಕ್ಕೆ 2 ಸ್ಟಡ್ ಅಗಲ, 4 ಸ್ಟಡ್ ಉದ್ದದ ಬ್ರಿಕ್ ಬಳಸಿದರೆ ಒಂದು ಸಾಲಿಗೆ 12 ಬೇಕು. 14 ಸಾಲಿಗೆ 168, ಎರಡು ಗೋಡೆಗೆ 336. ಇದನ್ನು ಉಳಿಸುವ ದಾರಿಯೂ ಇದೆ. ನೋಡುವವರಿಗೆ ಕಾಣದ ಹಿಂಬದಿಯಲ್ಲಿ ಗೋಡೆಯ ಬದಲು ಪ್ರತಿ 16 ಸ್ಟಡ್‌ಗೆ ಒಂದು ಕಂಬ ನಿಲ್ಲಿಸಿದರೆ ಸಾಕು. ಬ್ರಿಕ್ ಉಳಿಯುತ್ತದೆ, ಕೈಯೂ ಹೋಗುತ್ತದೆ, ಇನ್ಫ್ರಾರೆಡ್ ಕಿರಣವೂ ತಲುಪುತ್ತದೆ.

ಗೋಡೆ ಕಟ್ಟುವಾಗ ಒಂದು ಸಾಲಿನ ಸಂದಿ ಮೇಲಿನ ಸಾಲಿನ ಸಂದಿಗೆ ನೇರವಾಗಿ ಬರಬಾರದು. ಮನೆ ಕಟ್ಟುವ ಗಾರೆ ಕೆಲಸದವರು ಪಾಲಿಸುವ ನಿಯಮವೇ ಇಲ್ಲಿಗೂ ಅನ್ವಯ. ಚಾವಣಿಗೆ ಒಂದೇ ಪದರದ ಪ್ಲೇಟ್ ಇಟ್ಟರೆ ಭಾರಕ್ಕೆ ಬಾಗುತ್ತದೆ, ಅದರ ಮೇಲೆ ಎರಡನೇ ಪದರ ಬೇಕು.

ಗೋಡೆಯ ತಲೆಯ ಮೇಲೆ ಸ್ಟಡ್ ಇಲ್ಲದ ನುಣುಪು ಟೈಲ್‌ಗಳನ್ನು ಹಾಕಿ, ಮೂಲೆಗಳಲ್ಲಿ ಮಾತ್ರ ಒಂದೊಂದು ಸ್ಟಡ್ ಬಿಡಬೇಕು. ಆಗ ಚಾವಣಿ ಜಾರದೆ ಕೂರುತ್ತದೆ, ಬೇಕಾದಾಗ ಡಬ್ಬಿಯ ಮುಚ್ಚಳದಂತೆ ಮೇಲೆ ಬರುತ್ತದೆ. ಚಾವಣಿಯನ್ನೂ ಅದರ ಮೇಲಿನ ಬೆಟ್ಟವನ್ನೂ 16 ಸ್ಟಡ್‌ನ ಮೂರು ತುಂಡುಗಳಾಗಿ ಕಟ್ಟಿದರೆ ರೈಲು ಸಿಕ್ಕಿಬಿದ್ದ ತುಂಡನ್ನು ಮಾತ್ರ ಎತ್ತಬಹುದು. ಒಳಗಿನ ಹಳಿಗಳನ್ನು ಬೇಸ್‌ಪ್ಲೇಟ್‌ಗೆ ಒತ್ತಿ ಕೂರಿಸುವುದು ಕಡ್ಡಾಯ, ಇಲ್ಲವಾದರೆ ಕಾಲಕ್ರಮೇಣ ಕೀಲುಗಳು ಬಿಡುತ್ತವೆ.

ಬೆಟ್ಟದ ಒಳಗೆ ಟೊಳ್ಳು

ಬೆಟ್ಟವನ್ನು ಗಟ್ಟಿಯಾಗಿ ತುಂಬಿಸುವುದು ದುಬಾರಿ ಮತ್ತು ಭಾರ. ಮೇಲೆ ಹೇಳಿದ ಅಳತೆಯ ಬ್ರಿಕ್ ಒಂದು ಸಾವಿರ ಸೇರಿದರೆ ಎರಡು ಕಿಲೋ ದಾಟುತ್ತದೆ. ಹೊರಗೆ ತೆಳುವಾದ ಹೊದಿಕೆ, ಒಳಗೆ ಅಲ್ಲಲ್ಲಿ ಕಂಬ ಇದ್ದರೆ ಸಾಕು. ಇಲ್ಲಿ ಚಿಕ್ಕ ಮಕ್ಕಳ ಡೂಪ್ಲೋ ಬ್ರಿಕ್‌ಗಳು ಉಪಯೋಗಕ್ಕೆ ಬರುತ್ತವೆ. ಅವು ಎಲ್ಲ ಅಳತೆಯಲ್ಲೂ ಲೆಗೋದ ಎರಡರಷ್ಟು, ಲೆಗೋ ಬ್ರಿಕ್ ಅವುಗಳ ಮೇಲೆ ಕೂರುತ್ತದೆ. ಒಂದು ಡೂಪ್ಲೋ ಬ್ರಿಕ್ ಎಂಟು ಲೆಗೋ ಬ್ರಿಕ್‌ಗಳ ಜಾಗ ತುಂಬುತ್ತದೆ. ಮಗು ಬೆಳೆದ ಮೇಲೆ ಅಟ್ಟ ಸೇರಿದ ಡೂಪ್ಲೋ ಬೆಟ್ಟದ ಹೊಟ್ಟೆಯಲ್ಲಿ ಮತ್ತೆ ಕೆಲಸಕ್ಕೆ ಬರುತ್ತದೆ.

ಬಂಡೆ, ಮಣ್ಣು, ಹಸಿರು

ಬೆಟ್ಟ ಬೆಟ್ಟದಂತೆ ಕಾಣಬೇಕಾದರೆ ಕಣ್ಣ ಮುಂದೆ ನಿಜವಾದ ಬೆಟ್ಟವೊಂದು ಇರಬೇಕು. ಮುಂಬೈ, ಪುಣೆಯ ಕನ್ನಡಿಗರಿಗೆ ಇದಕ್ಕೆ ಕೊರತೆಯಿಲ್ಲ. ಕರ್ಜತ್ ಮತ್ತು ಖಂಡಾಲದ ನಡುವಿನ ಬೋರ್ ಘಾಟ್‌ನಲ್ಲಿ ಕಪ್ಪು ಬಸಾಲ್ಟ್ ಶಿಲೆ ಅಡ್ಡ ಪದರಗಳಾಗಿ ಕಾಣುತ್ತದೆ. ಮಂಗಳೂರಿನ ಸಮೀಪದ ತೋಕೂರಿನವರೆಗೆ ಬರುವ ಕೊಂಕಣ ರೈಲು ಮಾರ್ಗದಲ್ಲಿ 90ಕ್ಕೂ ಹೆಚ್ಚು ಸುರಂಗಗಳಿವೆ. ಅವುಗಳಲ್ಲಿ ರತ್ನಾಗಿರಿ ಬಳಿಯ ಕರಬುಡೆ ಸುಮಾರು 6.5 ಕಿ.ಮೀ. ಉದ್ದ. ಆ ಕರಾವಳಿಯ ಉದ್ದಕ್ಕೂ ಕೆಂಪು ಮುರಕಲ್ಲು ಕಣ್ಣಿಗೆ ಬೀಳುತ್ತದೆ. ಸಕಲೇಶಪುರ–ಸುಬ್ರಹ್ಮಣ್ಯ ಘಟ್ಟದ 57 ಸುರಂಗಗಳ ಸುತ್ತ ದಟ್ಟ ಕಾಡು.

ಇದನ್ನೇ ಬಣ್ಣಕ್ಕೆ ಇಳಿಸಬಹುದು. ಬೋರ್ ಘಾಟ್ ಬೇಕಿದ್ದರೆ ಕಡು ಬೂದು ಬ್ರಿಕ್, ನಡುನಡುವೆ ತಿಳಿ ಬೂದಿನ ಅಡ್ಡಗೆರೆ. ಕೊಂಕಣ ಬೇಕಿದ್ದರೆ ಕೆಂಗಂದು ಬಣ್ಣದ ಕಡಿದಾದ ಗೋಡೆ. ಸಕಲೇಶಪುರವಾದರೆ ಬಂಡೆ ಕಡಿಮೆ, ಕಡು ಹಸಿರು ಹೆಚ್ಚು. ಎರಡು ಬಣ್ಣಗಳನ್ನು ಚದುರಂಗದ ಮನೆಗಳಂತೆ ಒಂದು ಬಿಟ್ಟು ಒಂದು ಇಡಬಾರದು, ಗುಂಪು ಗುಂಪಾಗಿ ಇಡಬೇಕು. ಹಸಿರು ಬೆಟ್ಟದ ನೆತ್ತಿಯಲ್ಲಿ, ನೀರು ನಿಲ್ಲುವ ಬಿರುಕಿನಲ್ಲಿ, ಬುಡದಲ್ಲಿ ಬರಲಿ.

ಒಂದು ಸ್ಟಡ್ ಒಳಕ್ಕೆ ಸರಿದಂತೆಲ್ಲ ಒಂದು ಬ್ರಿಕ್ ಏರಿಸಿದರೆ ಸುಮಾರು 50 ಡಿಗ್ರಿ ಇಳಿಜಾರು ಬರುತ್ತದೆ. ಎಲ್ಲ ಕಡೆ ಹೀಗೇ ಕಟ್ಟಿದರೆ ಬೆಟ್ಟದ ಬದಲು ಮೆಟ್ಟಿಲು ಕಾಣುತ್ತದೆ. ಕೆಲವೆಡೆ ಮೂರ್ನಾಲ್ಕು ಬ್ರಿಕ್ ನೇರವಾಗಿ ಏರಬೇಕು, ಕೆಲವೆಡೆ ಮೂರ್ನಾಲ್ಕು ಸ್ಟಡ್ ಸಮತಟ್ಟಾಗಿರಬೇಕು. ಓರೆ ಬ್ರಿಕ್‌ಗಳನ್ನು ಬೇರೆ ಬೇರೆ ದಿಕ್ಕಿಗೆ ತಿರುಗಿಸಿ ಇಟ್ಟರೆ ಸಹಜವಾಗಿ ಕಾಣುತ್ತದೆ. ಲೆಗೋದಲ್ಲೇ ಟೊಳ್ಳಾದ ದೊಡ್ಡ ಬಂಡೆ ತುಣುಕುಗಳಿವೆ. ಹವ್ಯಾಸಿಗಳು ಅವನ್ನು ತಮಾಷೆಗೆ ‘ದೊಡ್ಡ ಕುರೂಪಿ ಬಂಡೆ’ ಎಂದು ಕರೆಯುವುದುಂಟು. ಅವು ಬೇಗ ಜಾಗ ತುಂಬುತ್ತವೆ, ಅಂಚುಗಳನ್ನು ಮಾತ್ರ ಸಣ್ಣ ಓರೆ ಬ್ರಿಕ್ ಮತ್ತು ಗಿಡಗಳಿಂದ ಮರೆಮಾಚಬೇಕು. ಚಾವಣಿಯ ಮೂರು ತುಂಡುಗಳ ಸಂದಿಯನ್ನು ಮುಚ್ಚಲೂ ಗಿಡಗಳೇ ಸಾಕು.

ಸುರಂಗದ ಬಾಯಿ

ನೋಡುವವರ ಕಣ್ಣು ಮೊದಲು ಹೋಗುವುದು ಸುರಂಗದ ಬಾಯಿಗೆ. ಬ್ರಿಕ್‌ಗಳನ್ನು ಒಳಕ್ಕೆ ಚಾಚುತ್ತಾ ಹೋಗಿ, ಮೇಲ್ಮೂಲೆಗಳಲ್ಲಿ ತಲೆಕೆಳಗಾದ ಓರೆ ಬ್ರಿಕ್ ಇಟ್ಟರೆ ಕಮಾನಿನ ರೂಪ ಬರುತ್ತದೆ. ಎರಡೂ ಬದಿಗೆ ಮಣ್ಣು ತಡೆಯುವ ರೆಕ್ಕೆಗೋಡೆ, ಹಳಿಯ ಪಕ್ಕ ನೀರು ಹರಿಯುವ ಸಣ್ಣ ಚರಂಡಿ, ಕಲ್ಲಿನ ಸಂದಿಯಲ್ಲಿ ಒಂದೆರಡು ಹಸಿರು ತುಣುಕು ಇದ್ದರೆ ನೈಜತೆ ಹೆಚ್ಚುತ್ತದೆ. ಹಳಿಯ ತೀರಾ ಹತ್ತಿರ ಮರ ಬೇಡ, ನಿಜವಾದ ರೈಲು ಮಾರ್ಗದಲ್ಲೂ ಆ ಜಾಗವನ್ನು ತೆರವಾಗಿ ಇಡುತ್ತಾರೆ.

ಬಾಯಿಯಿಂದ ನೋಡಿದರೆ ಆಚೆ ಬದಿಯ ಬೆಳಕು ಕಂಡರೆ ಮಾಯೆ ಕರಗುತ್ತದೆ. ಒಳಗೋಡೆಗೆ ಕಪ್ಪು ಬ್ರಿಕ್ ಬಳಸುವುದು ಅಥವಾ ಕಪ್ಪು ಕಾಗದ ಹಚ್ಚುವುದು, ತೆರೆದ ಹಿಂಬದಿಗೆ ಕಪ್ಪು ಬಟ್ಟೆ ಇಳಿಬಿಡುವುದು ಇದಕ್ಕೆ ಪರಿಹಾರ.

ಫ್ಲಾಟ್‌ನಲ್ಲಿ ಜಾಗ ಎಲ್ಲಿ?

ನಗರದ ಫ್ಲಾಟ್‌ನಲ್ಲಿ ಬೆಟ್ಟವನ್ನು ಹಾಲ್‌ನಲ್ಲೇ ಕಾಯಂ ಆಗಿ ಬಿಡಲು ಆಗುವುದಿಲ್ಲ. ಹಾಗಾಗಿ ಸುರಂಗವನ್ನು ಒಂದೇ ಬೇಸ್‌ಪ್ಲೇಟ್‌ನ ಮೇಲೆ ಕಟ್ಟಿ, ಕೆಳಗೆ ಪ್ಲೈವುಡ್ ಹಲಗೆ ಇಡಬೇಕು. ಎತ್ತುವಾಗ ಬೇಸ್‌ಪ್ಲೇಟ್ ಹಿಡಿದರೆ ಬಾಗಿ ಎಲ್ಲ ಕಳಚುತ್ತದೆ, ಹಲಗೆ ಹಿಡಿದೇ ಎತ್ತಬೇಕು. ಬೆಟ್ಟದ ಮೂರು ತುಂಡುಗಳನ್ನು ಬೇರೆ ಮಾಡಿಟ್ಟರೆ ಎತ್ತರ ಕಡಿಮೆಯಾಗಿ ಮಂಚದ ಕೆಳಗೆ ಹೋಗುತ್ತದೆ. ಮೇಲೊಂದು ಹಳೆಯ ಬೆಡ್‌ಶೀಟ್ ಹೊದಿಸಿದರೆ ದೂಳು ಕೂರುವುದಿಲ್ಲ.

ಖರ್ಚು ಉಳಿಸುವವರಿಗೆ

ಎಲ್ಲವೂ ಲೆಗೋದಲ್ಲೇ ಇರಬೇಕು ಎಂಬುದು ಕೆಲವರ ಹಟ. ಆದರೆ ಸುರಂಗದ ಬಾಯಿಯನ್ನು ಮಾತ್ರ ಬ್ರಿಕ್‌ನಲ್ಲಿ ಕಟ್ಟಿ, ಬೆಟ್ಟವನ್ನು ರಟ್ಟು ಮತ್ತು ಕಾಗದದ ಮುದ್ದೆಯಲ್ಲಿ ಮಾಡಿದರೂ ಆಟಕ್ಕೆ ಕೊರತೆಯಿಲ್ಲ. ಥರ್ಮಾಕೋಲ್ ಬಳಸುವವರು ಅದನ್ನು ಹಳಿಯಿಂದ ದೂರ ಕತ್ತರಿಸಬೇಕು, ಅದರ ಪುಡಿ ಚಕ್ರ ಮತ್ತು ಮೋಟಾರಿಗೆ ಸಿಕ್ಕಿಕೊಳ್ಳುತ್ತದೆ. ಲೆಗೋ ಬ್ರಿಕ್ ಎಬಿಎಸ್ ಎಂಬ ಪ್ಲಾಸ್ಟಿಕ್‌ನದ್ದು, ಅಸಿಟೋನ್ ಇರುವ ಅಂಟು ಅಥವಾ ನೈಲ್‌ಪಾಲಿಶ್ ರಿಮೂವರ್ ತಾಗಿದರೆ ಕರಗುತ್ತದೆ. ಮೂರು ವರ್ಷಕ್ಕಿಂತ ಚಿಕ್ಕ ಮಕ್ಕಳಿರುವ ಮನೆಯಲ್ಲಿ ಎಲೆ, ಹೂವಿನಂಥ ಸಣ್ಣ ತುಣುಕುಗಳನ್ನು ಕೈಗೆಟುಕದಂತೆ ಇಡಬೇಕು.

ಚಾವಣಿ ಮುಚ್ಚುವ ಮುನ್ನ

ಗೋಡೆ ಎದ್ದ ಕೂಡಲೇ, ಬೆಟ್ಟ ಕಟ್ಟುವ ಮೊದಲು ರೈಲನ್ನು ಓಡಿಸಿ ನೋಡಬೇಕು. ನಿಧಾನ, ವೇಗ, ಹಿಮ್ಮುಖ, ಈ ಮೂರೂ ರೀತಿಯಲ್ಲಿ ಅತಿ ಉದ್ದದ ಮತ್ತು ಅತಿ ಎತ್ತರದ ಬೋಗಿ ಸೇರಿಸಿ ತಲಾ ಇಪ್ಪತ್ತು ಸುತ್ತು. ಆಮೇಲೆ ರೈಲನ್ನು ಬೇಕೆಂದೇ ಸುರಂಗದ ನಡುವೆ ನಿಲ್ಲಿಸಿ, ಚಾವಣಿ ಇಟ್ಟು, ಮನೆಯ ಮಗುವಿನ ಕೈಯಿಂದಲೇ ಅದನ್ನು ಹೊರತೆಗೆಸಬೇಕು. ಮಗುವಿಗೆ ಅದು ಯಾರ ಸಹಾಯವೂ ಇಲ್ಲದೆ ಸಾಧ್ಯವಾದರೆ ಸುರಂಗ ಸಿದ್ಧ ಎಂದರ್ಥ. ಸಾಧ್ಯವಾಗದಿದ್ದರೆ ಬದಲಾವಣೆ ಮಾಡಲು ಅದೇ ಸರಿಯಾದ ಸಮಯ, ಬೆಟ್ಟ ಎದ್ದ ಮೇಲಲ್ಲ.